ಸೂರ್ಯನ ಕೊನೆಯ ಎರಡು ಅಂಕಿ

ಜಗಳ ಶುರುವಾದದ್ದು ಫ್ರೀಜರ್‌ನಿಂದ. ಫ್ರೀಜರ್ ಇನ್ನೂ ಮನೆಗೆ ಬಂದಿರಲಿಲ್ಲ, ಬಂದರೆ ಎಲ್ಲಿಡುವುದು ಎಂಬುದೇ ಜಗಳ. ಮನೆಯಲ್ಲಿದ್ದ ಒಂದೇ ಒಂದು ಖಾಲಿ ಮೂಲೆಯಲ್ಲಿ ಥವಿಲ್‌ನ ದುರ್ಬೀನು ಮನೆ ಅಳಿಯನ ಹಾಗೆ ಗೋಡೆಗೊರಗಿ ನಿಂತುಬಿಟ್ಟಿತ್ತು.

ಮೇಕಾಂಗ್ ನದಿಯ ದಡದ ಆ ಊರಿನಲ್ಲಿ ಥವಿಲ್ ನೀರಿನ ಕಚೇರಿಯ ಗುಮಾಸ್ತ. ಹೆಂಡತಿ ಬುಪ್ಪಾ ಬೌದ್ಧ ವಿಹಾರದ ಮುಂದಿನ ಸಂತೆಯಲ್ಲಿ ಬಾಳೆಹಣ್ಣು ಕರಿದು ಮಾರುವವಳು. ಬೇಸಿಗೆಯಲ್ಲಿ ತೆಂಗಿನಹಾಲಿನ ಐಸ್‌ಕ್ರೀಮನ್ನೂ ಮಾರಬೇಕು ಎಂಬುದು ಅವಳ ಆಸೆ. ಅವನ ಆಸೆ ಅದಕ್ಕಿಂತ ತುಸು ದೂರದ್ದು. ಕೆಲವು ವರ್ಷಗಳ ಹಿಂದೆ ಶಾಲೆಯ ಮೈದಾನದಲ್ಲಿ ಯಾರೋ ಪರವೂರಿನವರು ದುರ್ಬೀನು ತಂದು ಶನಿಗ್ರಹ ತೋರಿಸಿದ್ದರು. ಉಂಗುರ ತೊಟ್ಟು ಸುಮ್ಮನೆ ಕೂತಿದ್ದ ಆ ಪುಟ್ಟ ಶನಿಯನ್ನು ನೋಡಿ ಥವಿಲ್‌ನ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಶನಿ ಅವನ ಹೆಗಲೇರಿದ. ಅವನು ದುರ್ಬೀನು ಕೊಂಡು ಊರಿನವರ ಹೆಗಲೇರಿದ.

ಒಬ್ಬನೇ ನೋಡಿದರೆ ಅವನಿಗೆ ನೋಡಿದ ಹಾಗೇ ಆಗುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ನಿಂತು "ಅಬ್ಬಾ" ಅನ್ನಬೇಕು. ಆ ಊರಿನವರೋ, ಕರೆದರೆ ಇಲ್ಲ ಅನ್ನುವ ಜನರಲ್ಲ. ಬರುತ್ತಿದ್ದರು, ಬಗ್ಗುತ್ತಿದ್ದರು, "ತುಂಬಾ ಚೆನ್ನಾಗಿದೆ ನಕ್ಷತ್ರಣ್ಣ" ಅನ್ನುತ್ತಿದ್ದರು, ಆಮೇಲೆ ಅವನ ಬೀದಿಯಲ್ಲೇ ಓಡಾಡುತ್ತಿರಲಿಲ್ಲ. ನಕ್ಷತ್ರಣ್ಣ ಎಂದು ಹೆಸರಿಟ್ಟವರೂ ಅವರೇ. ಅದು ಮರ್ಯಾದೆಯ ಹೆಸರಲ್ಲ ಎಂಬುದು ಥವಿಲ್‌ಗೆ ಗೊತ್ತಿತ್ತು. ಕರೆದಾಗ ತಿರುಗಿ ನೋಡುವುದನ್ನು ಮಾತ್ರ ಬಿಡಲಾಗಿರಲಿಲ್ಲ.

ಬುಪ್ಪಾಗೆ ಅವನು ಮೊದಲು ತೋರಿಸಿದ್ದು ಆಚೆ ದಡದ ತೆಂಗಿನ ಮರ. ಅವನದು ಕನ್ನಡಿಯ ದುರ್ಬೀನು, ಅಂಥದರಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುತ್ತದೆ. ಅವಳು ಒಂದು ಕಣ್ಣು ಮುಚ್ಚಿ ನೋಡಿ, "ಇಷ್ಟು ದುಡ್ಡು ಸುರಿದದ್ದು ತೆಂಗಿನಕಾಯಿ ಮೇಲಕ್ಕೆ ಬೀಳೋದು ನೋಡಕ್ಕಾ?" ಎಂದು ಕೇಳಿ ಒಳಗೆ ಹೋಗಿದ್ದಳು.

ಅವತ್ತು ಬೆಳಿಗ್ಗೆ ಅವಳೇ ತೀರ್ಪು ಕೊಟ್ಟಳು.

"ನೋಡು, ಇವತ್ತು ಹದಿನಾರನೇ ತಾರೀಖು, ಸಂತೆ ತುಂಬಿರತ್ತೆ. ಇದನ್ನ ಹೊತ್ಕೊಂಡು ಹೋಗಿ ವಿಹಾರದ ಅಂಗಳದಲ್ಲಿ ಇಡು. ಒಂದ್ಸಲ ನೋಡಿದೋರು ಒಬ್ರಾದ್ರೂ, ನೀನು ಕರೀದೇನೇ, ಎರಡನೇ ಸಲ ನೋಡಕ್ಕೆ ಬಂದ್ರೆ ದುರ್ಬೀನು ನಿಂದು. ಬರ್ಲಿಲ್ಲ ಅಂದ್ರೆ ನನ್ನ ತಮ್ಮ ತಗೊಂಡು ಹೋಗ್ತಾನೆ."

"ಅವನಿಗ್ಯಾಕೆ ದುರ್ಬೀನು?"

"ಕೋಳಿ ಸುಡೋ ಒಲೆಗೆ ಹೊಗೆ ಕೊಳವೆ ಬೇಕಂತೆ. ಮೊನ್ನೆ ಬಂದಾಗ್ಲೇ ಗೇಣು ಹಾಕಿ ಅಳತೆ ನೋಡ್ಕೊಂಡು ಹೋಗಿದಾನೆ."

ಥವಿಲ್‌ನ ಹೊಟ್ಟೆಯಲ್ಲಿ ಏನೋ ಕಲಸಿತು. ಹಾಗಾಗಿ ಹೊಟ್ಟೆನೋವೆಂದು ಕಚೇರಿಗೆ ರಜೆ ಹೇಳಿದ್ದು ಪೂರ್ತಿ ಸುಳ್ಳೇನೂ ಅಲ್ಲ.

ಹಗಲಲ್ಲಿ ತೋರಿಸಲು ಇರುವುದು ಸೂರ್ಯನೊಬ್ಬನೇ. ದುರ್ಬೀನಿನ ಬಾಯಿಗೆ ಬಿಸಿಲಿನ ಉರಿ ಸೋಸುವ ಕಪ್ಪು ಹಾಳೆಯ ಮುಚ್ಚಳ ಹಾಕಿ, ಯಾರ ಕಣ್ಣೂ ಹೋಗದ ಹಾಗೆ ಟೇಪು ಸುತ್ತಿ ಬಿಗಿದು, ವಿಹಾರದ ಅಂಗಳದ ದೊಡ್ಡ ಮರದ ಪಕ್ಕ ಬಿಸಿಲಿನಲ್ಲಿ ನಿಲ್ಲಿಸಿದ. ಇಣುಕಿ ನೋಡಿದರೆ ಕಿತ್ತಳೆ ಬಣ್ಣದ ಸೂರ್ಯ, ಅವನ ಮುಖದ ಮೇಲೆ ಕಪ್ಪು ಕಲೆಗಳು: ಒಂದು ದುಂಡಗೆ, ಬಾಲ ಇಳಿಬಿಟ್ಟದ್ದು; ಪಕ್ಕದಲ್ಲಿ ಇನ್ನೊಂದು ನೆಟ್ಟಗೆ ಉದ್ದಕ್ಕೆ. ಇಷ್ಟು ಒಳ್ಳೆಯ ಕಲೆಗಳನ್ನು ಥವಿಲ್ ಯಾವತ್ತೂ ನೋಡಿರಲಿಲ್ಲ.

ಮೊದಲು ಬಂದವರು ವಿಹಾರದ ಹಿರಿಯ ಗುರುಗಳು. ಬಗ್ಗಿ ನೋಡಿದರು. "ನೋಡ್ದೆ ಕಣಪ್ಪ. ದಿನಾ ಬರ್ತಾನಲ್ಲ, ಅವನೇ" ಎಂದು ಹೇಳಿ ಹೊರಟುಹೋದರು. ಆಮೇಲೆ ಒಣಮೀನಿನ ಅಂಗಡಿಯವಳು, ತರಕಾರಿಯವರು. ಒಬ್ಬೊಬ್ಬರೂ "ತುಂಬಾ ಚೆನ್ನಾಗಿದೆ" ಅಂದರು, ಒಬ್ಬರೂ ತಿರುಗಿ ಬರಲಿಲ್ಲ. ಕೋಳಿ ಅಂಗಡಿಯಿಂದ ಬುಪ್ಪಾಳ ತಮ್ಮ ಒಲೆ ಊದುತ್ತ, ಆಗಾಗ ದುರ್ಬೀನಿನ ಕಡೆ ಪ್ರೀತಿಯಿಂದ ನೋಡುತ್ತಿದ್ದ.

ಅಷ್ಟರಲ್ಲಿ ಮೂರು ಗಾಲಿಯ ಗಾಡಿ ಓಡಿಸುವ ಬುನ್ಮಾ ಬಂದ. ಬಗ್ಗಿದವನು ಏಳಲೇ ಇಲ್ಲ. ಕೊನೆಗೆ ಮೆಲ್ಲಗೆ ಕೇಳಿದ:

"ನಕ್ಷತ್ರಣ್ಣ, ಈ ಕಪ್ಪುಕಪ್ಪುಗಿರೋದು ದಿನಾ ಹೀಗೇ ಇರತ್ತಾ?"

"ಎಲ್ಲಿ ಬಂತು. ಇವತ್ತು ಇದ್ದಂಗೆ ನಾಳೆ ಇರಲ್ಲ."

"ಅಂದ್ರೆ ಇದು ಇವತ್ತಿಗೇ ಅಂತ ಬಂದಿರೋದು."

"ಹಂಗೇ ಇಟ್ಕೋ."

ಬುನ್ಮಾ ನೆಟ್ಟಗೆ ನಿಂತು ಸೂರ್ಯನಿಗೊಂದು, ದುರ್ಬೀನಿಗೊಂದು ಕೈಮುಗಿದು, ಗಾಡಿ ಹತ್ತಿ ಹೋದ. ಸ್ವಲ್ಪ ಹೊತ್ತಿಗೆ ಅದೇ ಗಾಡಿಯಲ್ಲಿ ಹೆಂಡತಿ, ಅತ್ತೆ ಇಬ್ಬರನ್ನೂ ಕೂರಿಸಿಕೊಂಡು ಬಂದ. ಅವರಿಗಿಂತ ಮುಂಚೆ ತಾನೇ ಇನ್ನೊಂದು ಸಲ ಬಗ್ಗಿದ.

"ಬುಪ್ಪಾ," ಥವಿಲ್ ಸಂತೆಗೆಲ್ಲ ಕೇಳುವಂತೆ ಕೂಗಿದ, "ಎರಡನೇ ಸಲ. ಲೆಕ್ಕ ಇಟ್ಕೋ."

ಬುಪ್ಪಾ ಬಾಣಲೆಯಿಂದ ತಲೆಯೆತ್ತಿ ನೋಡಿದಳು. ಅವಳ ಕೈಯ ಜಾಲರಿಯಲ್ಲಿದ್ದ ಬಾಳೆಹಣ್ಣು ಎಣ್ಣೆ ಸೋರಿಸುತ್ತಲೇ ಇತ್ತು.

ಅಲ್ಲಿಂದ ಮುಂದೆ ಜಾತ್ರೆ. ಒಣಮೀನಿನವಳು ಮತ್ತೆ ಬಂದಳು, ತರಕಾರಿಯವರು ತಕ್ಕಡಿ ಬಿಟ್ಟು ಬಂದರು. ಸಾಲು ಅಂಗಳ ದಾಟಿ ಬೀದಿಗೆ ಹೋಯಿತು. ಕೇಳುವ ಪ್ರಶ್ನೆಗಳಾದರೂ ಎಂಥವು: ಕಲೆಯ ಬಾಲ ಎಡಕ್ಕೆ ತಿರುಗಿದೆಯೋ ಬಲಕ್ಕೋ, ಉದ್ದದ ಕಲೆಗೆ ತಲೆಯ ಹತ್ತಿರ ಕೊಕ್ಕೆ ಇದೆಯೋ ಇಲ್ಲವೋ. ಇಷ್ಟು ಸೂಕ್ಷ್ಮವಾಗಿ ನೋಡುವ ಜನರನ್ನು ಇಷ್ಟು ವರ್ಷ ಕಡೆಗಣಿಸಿಬಿಟ್ಟೆನಲ್ಲ ಎಂದು ಥವಿಲ್ ನೊಂದುಕೊಂಡ. ಅವನು ಕೈಯಾಡಿಸುತ್ತ, ಬೆವರುತ್ತ, ಸೂರ್ಯ ಜಾರಿದಾಗಲೆಲ್ಲ ದುರ್ಬೀನನ್ನು ತಿರುಗಿಸುತ್ತ ಪಾಠ ಮಾಡಿದ. ಬದುಕಿನಲ್ಲಿ ಅಷ್ಟು ಸುಖವಾಗಿ ಅವನು ಎಂದೂ ಇದ್ದಿರಲಿಲ್ಲ.

ಸಾಲಿನಲ್ಲಿ ಮುಂದೆ ಬಂದ ಮುಖ ನೋಡಿ ಅವನ ಮಾತು ನಿಂತಿತು. ನೀರಿನ ಕಚೇರಿಯ ದೊಡ್ಡ ಸಾಹೇಬರು, ನರೋಂಗ್.

"ಹೊಟ್ಟೆನೋವು ಹೇಗಿದೆ ಥವಿಲ್?"

"ಈಗ... ಸ್ವಲ್ಪ ವಾಸಿ ಸಾರ್."

"ಒಳ್ಳೇದು. ಸ್ವಲ್ಪ ಆ ಕಡೆ ಸರಿ." ಸಾಹೇಬರು ಕನ್ನಡಕ ತೆಗೆದು ಬಗ್ಗಿದರು. ಬಹಳ ಹೊತ್ತು ನೋಡಿ, ಅವನ ಕಿವಿಯ ಹತ್ತಿರ ಬಂದರು. "ಮೊದಲನೇದು ಒಂಬತ್ತು, ಅದರಲ್ಲಿ ಅನುಮಾನ ಇಲ್ಲ. ಎರಡನೇದು ಒಂದಾ, ಏಳಾ? ನಿನಗೆ ಅಭ್ಯಾಸ ಇದೆಯಲ್ಲ, ಹೇಳು."

ಆಗ ಥವಿಲ್‌ಗೆ ಜ್ಞಾನೋದಯವಾಯಿತು. ಹದಿನಾರನೇ ತಾರೀಖೆಂದರೆ ಲಾಟರಿ ಎಳೆಯುವ ದಿನ. ಆ ದಿನ ಊರಿಗೆ ಊರೇ ಕೊನೆಯ ಎರಡು ಅಂಕಿಯನ್ನು ಹುಡುಕುತ್ತಿರುತ್ತದೆ. ಸೊಟ್ಟಗೆ ಬಿಟ್ಟ ಬಾಳೆಗೊನೆಯಲ್ಲಿ, ಹಲ್ಲಿ ಲೊಚಗುಟ್ಟಿದ ಲೆಕ್ಕದಲ್ಲಿ, ಮರದ ತೊಗಟೆಗೆ ಪೌಡರ್ ಉಜ್ಜಿದಾಗ ಕಾಣುವ ಗೆರೆಗಳಲ್ಲಿ. ಅಂಥ ದಿನ ತಾನು ಅಂಗಳದಲ್ಲಿ ನಿಂತು ಸೂರ್ಯನ ಮುಖವನ್ನೇ ತೆರೆದು ತೋರಿಸಿದ್ದ. ಮರದ ಕಟ್ಟೆಯ ಮೇಲೆ ಲಾಟರಿ ಚೀಟಿಗಳ ಹಲಗೆ ಇಟ್ಟುಕೊಂಡು ಕೂತಿದ್ದ ಸಂಪಾವ್ ದೊಡ್ಡಮ್ಮ, 91ರಲ್ಲಿ ಮುಗಿಯುವ ಚೀಟಿಯೆಲ್ಲ ಖಾಲಿಯಾಗಿ, ಪಕ್ಕದ ಸಂತೆಗೆ ಹೇಳಿಕಳಿಸಿದ್ದಳು.

ಥವಿಲ್ ಸಿಟ್ಟಿನಿಂದ ಮರದ ಬೇರಿನ ಮೇಲೆ ಹತ್ತಿ ನಿಂತ.

"ಕೇಳ್ರಪ್ಪ. ಅದು ಅಂಕಿ ಅಲ್ಲ. ಸೂರ್ಯನ ಮೈಮೇಲೆ ಸ್ವಲ್ಪ ಬಿಸಿ ಕಮ್ಮಿ ಇರೋ ಜಾಗ, ಕಪ್ಪಗೆ ಕಾಣತ್ತೆ, ಅಷ್ಟೇ. ನಮ್ಮ ಭೂಮಿಗಿಂತ ದೊಡ್ಡ ಕಲೆ ಅದು. ನಿಮ್ಮ ಲಾಟರಿಗೂ ಅದಕ್ಕೂ ಏನ್ ಸಂಬಂಧ?"

ಎಲ್ಲರೂ ಗೌರವದಿಂದ ಕೇಳಿಸಿಕೊಂಡರು. ಬುನ್ಮಾ ತಲೆದೂಗಿದ.

"ಭೂಮಿಗಿಂತ ದೊಡ್ಡ ಒಂಬತ್ತು ನೋಡ್ರೋ," ಎಂದ.

"ಅಯ್ಯೋ ಪೆದ್ದ, ನಿಂಗೆ ಇದೂ ಗೊತ್ತಾ, ಇದರಲ್ಲಿ ಎಲ್ಲಾ ತಲೆ..." ಎಂದು ಶುರುಮಾಡಿದ ಥವಿಲ್ ಅಲ್ಲಿಗೇ ನಿಂತ.

ತಲೆಕೆಳಗು. ದುರ್ಬೀನಿನಲ್ಲಿ 91 ಕಂಡರೆ, ಸೂರ್ಯನ ಮೇಲೆ ನಿಜವಾಗಿ ಇರುವುದು ಅದನ್ನು ತಲೆಕೆಳಗು ಮಾಡಿದ್ದು. 91 ಎಂದು ಬರೆದ ಚೀಟಿಯನ್ನು ತಲೆಕೆಳಗು ಹಿಡಿದರೆ 16. ಇವತ್ತಿನ ತಾರೀಖೂ ಹದಿನಾರು. ಇದೆಲ್ಲ ಮೂಢನಂಬಿಕೆ ಎಂದು ಅವನ ತಲೆ ಹೇಳಿತು. ಮೂಢನಂಬಿಕೆಯಾದರೂ ಲೆಕ್ಕ ಸರಿಯಾಗಿರಬೇಕಲ್ಲ ಎಂದು ಅದೇ ತಲೆ ಇನ್ನೊಂದು ಮಾತೂ ಹೇಳಿತು.

"ತಲೆ ಏನಣ್ಣ?" ಬುನ್ಮಾ ಕೇಳಿದ.

"ತಲೆನೋವು," ಎಂದ ಥವಿಲ್. ಕಂಡದ್ದನ್ನೆಲ್ಲ ಕಂಡವರೊಂದಿಗೆ ಹಂಚಿಕೊಳ್ಳಬೇಕು ಎಂದು ಊರವರ ಪ್ರಾಣ ತಿಂದಿದ್ದ ಮನುಷ್ಯ, ಇದೊಂದನ್ನು ಮಾತ್ರ ಹಂಚಿಕೊಳ್ಳಲಿಲ್ಲ.

ನೀರು ಕುಡಿಯುವ ನೆಪದಲ್ಲಿ ಕಟ್ಟೆಯ ಹಿಂದೆ ಹೋಗಿ, ಸಂಪಾವ್ ದೊಡ್ಡಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ದೊಡ್ಡಮ್ಮ, ಹದಿನಾರು ಇದೆಯಾ?"

"ಬೇಕಾದಷ್ಟಿದೆ. ಇವತ್ತು ಅದನ್ನ ಮೂಸಿ ನೋಡೋರೂ ಇಲ್ಲ. ಯಾರಿಗೆ, ನಿಂಗಾ?"

"ನನಗಲ್ಲ. ಪರಿಚಯದವರಿಗೆ. ಇರೋದಷ್ಟೂ ಕೊಡು."

ದೊಡ್ಡಮ್ಮ ಅವನ ಮುಖ ನೋಡಿದಳು, ದುರ್ಬೀನಿನ ಕಡೆ ನೋಡಿದಳು, ಚೀಟಿಗಳನ್ನು ಎಣಿಸಿ ಕೊಟ್ಟಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಂತೆಯ ರೇಡಿಯೋಗಳೆಲ್ಲ ಒಂದೇ ಕಡೆ ತಿರುಗಿದವು. ಬಾಣಲೆಗಳ ಉರಿ ಸಣ್ಣಗಾಯಿತು. ಥವಿಲ್ ಎದೆಯ ಜೇಬನ್ನು ಅಂಗೈಯಿಂದ ಒತ್ತಿಕೊಂಡು, ಏನೂ ಸಂಬಂಧವಿಲ್ಲದವನಂತೆ ಸೂರ್ಯನನ್ನು ನೋಡುತ್ತ ನಿಂತ. ಫ್ರೀಜರ್ ಕೊಡಿಸಬಹುದು. ದುರ್ಬೀನಿಗೆಂದೇ ಮಾಳಿಗೆ ಕಟ್ಟಿಸಬಹುದು. ಬುಪ್ಪಾಗೆ ಕೂರಿಸಿ ಹೇಳಬಹುದು, ನೋಡು, ಓದಿಕೊಂಡವನ ಬುದ್ಧಿ ಎಂದು.

ರೇಡಿಯೋದವನು ಕೊನೆಯ ಎರಡು ಅಂಕಿ ಓದಿದ. ಒಂಬತ್ತು. ಒಂದು.

ಸಂತೆಯೇ ಎದ್ದು ಕುಣಿಯಿತು. ಒಣಮೀನಿನವಳು ತರಕಾರಿಯವನನ್ನು ತಬ್ಬಿಕೊಂಡಳು. ನರೋಂಗ್ ಸಾಹೇಬರು ಥವಿಲ್‌ನ ಬೆನ್ನು ತಟ್ಟಿ, "ಹೊಟ್ಟೆನೋವು ಪೂರ್ತಿ ವಾಸಿಯಾಗೋವರೆಗೂ ರಜೆ ತಗೋ" ಅಂದರು. ಬುಪ್ಪಾಳ ತಮ್ಮ ಸುಟ್ಟ ಕೋಳಿಯನ್ನು ಪುಕ್ಕಟೆ ಹಂಚತೊಡಗಿದ.

"ನಿಂಗೆಷ್ಟು ಬಂತು ನಕ್ಷತ್ರಣ್ಣ?" ಬುನ್ಮಾ ಅಕ್ಕರೆಯಿಂದ ಕೇಳಿದ.

"ನಾನೆಲ್ಲಿ ಕೊಳ್ತೀನಪ್ಪ ಅದನ್ನೆಲ್ಲ."

"ಯಾಕೆ ಸುಳ್ಳು ಹೇಳ್ತೀಯ?" ಸಂಪಾವ್ ದೊಡ್ಡಮ್ಮನ ದನಿ ಸಂತೆಯ ಆ ತುದಿಗೂ ಮುಟ್ಟಿತು. "ನನ್ನ ಹತ್ರ ಇದ್ದ ಹದಿನಾರನ್ನೆಲ್ಲ ಬಳ್ಕೊಂಡು ಹೋದೋನು ನೀನೇ ಅಲ್ವಾ. ಪಾಪ, ನಮಗೆ ಸರಿಯಾದ್ದು ತೋರ್ಸಿ ತಾನು ಮಾತ್ರ ತಪ್ಪು ಕೊಂಡ್ಕೊಂಡಿದಾನೆ. ಎಂಥ ಪುಣ್ಯವಂತ."

ಜನ ಅವನಿಗೆ ಕೈಮುಗಿದರು. ಮುಗಿಯದೆ ನಿಂತವಳು ಬುಪ್ಪಾ ಒಬ್ಬಳೇ.

"ತಲೆಕೆಳಗು ಮಾಡಿ ಕೊಂಡ್ಯಾ?" ಅವಳು ಮೆಲ್ಲಗೆ ಕೇಳಿದಳು.

ಅವನು ತಲೆ ತಗ್ಗಿಸಿದ. "ನಿಂಗೂ ಗೊತ್ತಿತ್ತಲ್ಲ, ಅದರಲ್ಲಿ ಎಲ್ಲಾ ತಲೆಕೆಳಗೇ ಕಾಣೋದು ಅಂತ."

"ಗೊತ್ತಿತ್ತು. ತೆಂಗಿನಮರ ಮರೆತಿಲ್ಲ. ಆದ್ರೂ ನಾನು 91ನ್ನೇ ಕೊಂಡೆ." ಅವಳು ಸೆರಗಿನಂತೆ ಹೆಗಲಿಗೆ ಹಾಕಿದ್ದ ಬಟ್ಟೆಯಿಂದ ಅವನ ಬೆವರು ಒರೆಸಿದಳು. "ನಂಬರ್ ಕೊಡೋನಿಗೆ ಗೊತ್ತಿರಲ್ವಾ, ನಾವು ಯಾವ ಕಡೆಯಿಂದ ನೋಡ್ತಾ ಇದೀವಿ ಅಂತ?"

ಇದಕ್ಕೆ ಖಗೋಳಶಾಸ್ತ್ರದಲ್ಲಿ ಉತ್ತರವಿರಲಿಲ್ಲ.

"ಇರ್ಲಿ ಬಿಡು. ಪಂದ್ಯ ಗೆದ್ದೋನು ನೀನೇ. ಎರಡನೇ ಸಲ ಏನು, ಆರನೇ ಸಲ ಬಂದೋರೂ ಇದಾರೆ. ದುರ್ಬೀನು ನಿಂದೇ."

ಅಷ್ಟಾದರೂ ಉಳಿಯಿತಲ್ಲ ಎಂದು ಥವಿಲ್ ಅದನ್ನು ಮನೆಗೆ ಹೊರಲು ತಿರುಗಿದ. ಅದು ಗುರುತೇ ಸಿಗಲಿಲ್ಲ. ಕೊಳವೆಯ ಸುತ್ತ ಏಳು ಬಣ್ಣದ ಬಟ್ಟೆ ಸುತ್ತಿದ್ದರು. ಕೊರಳಿಗೆ ಚೆಂಡುಹೂವಿನ ಹಾರ ಬಿದ್ದಿತ್ತು, ಕಾಲುಗಳ ಬುಡದಲ್ಲಿ ಊದುಬತ್ತಿ, ನೈವೇದ್ಯಕ್ಕೆಂದು ಹೀರುಕೊಳವೆ ಹಾಕಿ ಇಟ್ಟ ಕೆಂಪು ಸೋಡಾ ಬಾಟಲಿಗಳ ಸಾಲು. ಒಣಮೀನಿನವಳು ಭಕ್ತಿಯಿಂದ ಚಿನ್ನದ ರೇಕು ಅಂಟಿಸುತ್ತಿದ್ದಳು. ಕೊಳವೆಗೆ ಅಂಟಿಸಿ ಜಾಗ ಮುಗಿದು, ಈಗ ಕಣ್ಣಿಡುವ ಗಾಜಿಗೆ ಅಂಟಿಸುತ್ತಿದ್ದಳು.

"ಇದನ್ನ ಇಲ್ಲಿಂದ ಅಲ್ಲಾಡಿಸೋ ಹಾಗಿಲ್ಲ ನಕ್ಷತ್ರಣ್ಣ," ಬುನ್ಮಾ ಹೇಳಿದ. "ಮೇಲೊಂದು ಸೂರು ಕಟ್ಟಿಸ್ತೀವಿ. ನಿನ್ನ ಹೆಸರೇ ಬರಸ್ತೀವಿ."

ಅವನು ಬುಪ್ಪಾಳ ಕಡೆ ನೋಡಿದ. ಅವಳು ಆಗಲೇ ತಮ್ಮನ ಜೊತೆ ಫ್ರೀಜರ್‌ನ ಅಳತೆ ಮಾತಾಡುತ್ತಿದ್ದಳು. ಮನೆಯ ಮೂಲೆ ಖಾಲಿಯಾಗಿತ್ತಲ್ಲ.

"ಒಂದ್ಸಲ ನೋಡ್ಕೊಂಡು ಹೋಗ್ತೀನಿ, ಬಿಡಿ," ಎಂದ ಥವಿಲ್.

"ಸಾಲಲ್ಲಿ ಬಾ ಅಣ್ಣ," ಎಂದರು ಹಿಂದಿನವರು.

ಸಾಲಿನಲ್ಲಿ ನಿಂತು, ಸರದಿ ಬಂದಾಗ ಬಗ್ಗಿ, ಚಿನ್ನದ ರೇಕಿಗೆ ಕಣ್ಣಿಟ್ಟ. ಕತ್ತಲು.

"ಏನ್ ಕಾಣ್ತು?" ಇಡೀ ಸಂತೆ ಕೇಳಿತು.

"ಏನೂ ಇಲ್ಲ," ಎಂದ ಥವಿಲ್ ದುಃಖದಿಂದ.

ಸಂಪಾವ್ ದೊಡ್ಡಮ್ಮ ಮೆಲ್ಲಗೆ ತಲೆಯಾಡಿಸಿದಳು.

"ಹಾಗಾದ್ರೆ ಮುಂದಿನ ಸಲಕ್ಕೆ ಸೊನ್ನೆ ಸೊನ್ನೆ. ಯಾರ್ಯಾರಿಗೆ ಬೇಕು, ಈಗ್ಲೇ ಹೇಳಿಬಿಡಿ."

ನೂರು ಕೈ ಮೇಲೆದ್ದವು. ಥವಿಲ್ ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಟವನು, ನಾಲ್ಕು ಹೆಜ್ಜೆ ಹೋಗಿ ನಿಂತ. ಮನಸ್ಸಿನಲ್ಲೇ ಸೊನ್ನೆಯನ್ನು ಒಂದು ಸಲ ತಲೆಕೆಳಗು ಮಾಡಿ ನೋಡಿದ. ಇನ್ನೊಂದು ಸಲ ಮಾಡಿ ನೋಡಿದ. ಹೇಗೆ ತಿರುಗಿಸಿದರೂ ಸೊನ್ನೆಯೇ.

ತಿರುಗಿ ಬಂದು ಅವನೂ ಕೈಯೆತ್ತಿದ.