ಮಡಿವಾಳಪ್ಪ ಕಾಕಾನ ಮೂಸುವ ಗಾಡಿ

ಗದಗಿನ ಮಡಿವಾಳಪ್ಪ ಕಾಕಾ ತಲೆಯೊಳಗೇ ಒಂದು ಕಾರ್ಖಾನೆ ಇಟ್ಟುಕೊಂಡು ಹುಟ್ಟಿದವರು ಎಂದು ಓಣಿಯವರು ಹೇಳುತ್ತಿದ್ದದ್ದು ಸುಳ್ಳೇನಲ್ಲ. ತಳ್ಳುಗಾಡಿಗೆ ಸ್ಕೂಟರಿನ ಇಂಜಿನ್ನು, ಎರಡು ಕಬ್ಬಿಣದ ಕೈ, ಮೂಗಿನ ಜಾಗದಲ್ಲಿ ಗ್ರಾಮಫೋನಿನ ಕಹಳೆ! ಯಾವ ವಸ್ತುವನ್ನಾದರೂ ಮೂಸಿ ಅದರ ಮೂಲ ಹೇಳುವ ಯಂತ್ರ ಸಿದ್ಧವಾಗಿತ್ತು.

"ಬಾ ನೀಲವ್ವಾ, ನಿನ್ನ ಸಲುವಾಗೇ ಮಾಡೇನಿ!" ಎಂದರು ಹೆಮ್ಮೆಯಿಂದ.

ಪಕ್ಕದ ಮನೆಯ ನೀಲಾಂಬಿಕೆಯ ಜೀವ ಬಾಯಿಗೆ ಬಂದಿತ್ತು. ಊರಿನ ಹಳೆಯ ಬ್ಯಾಂಡ್ ಕಂಪನಿಯ ಮೇಲೆ ಸಂಶೋಧನೆಗೆ ಹೊರಟವಳಿಗೆ ಗ್ರಂಥಾಲಯದಲ್ಲಿ ಒಂದು ಸಾಲೂ ಸಿಕ್ಕಿರಲಿಲ್ಲ. ಸೋಮವಾರದೊಳಗೆ ಆಧಾರ ತೋರಿಸು, ಇಲ್ಲವೇ ವಿಷಯ ಬಿಡು ಎಂದು ಗೈಡ್ ಖಡಾಖಂಡಿತವಾಗಿ ಹೇಳಿದ್ದರು. ಅವಳ ಕೈಲಿದ್ದದ್ದು ಬ್ಯಾಂಡಿನ ಹೆಸರಿದ್ದ ಒಂದು ಲಗ್ನಪತ್ರಿಕೆ ಮಾತ್ರ.

ಯಂತ್ರ ಅದನ್ನು ಸರ್ರನೆ ಮೂಸಿತು. "ಮೆರವಣಿಗೆಯ ಪರವಾನಗಿ ಸರ್ಕಾರಿ ದಫ್ತರಖಾನೆಯಲ್ಲಿ. ಜಾಹೀರಾತು ಪತ್ರಿಕಾ ಕಚೇರಿಯ ಹಳೆಯ ಸಂಚಿಕೆಗಳಲ್ಲಿ. ನುಡಿಸಿದ್ದು ರೇಡಿಯೊ ಕೇಂದ್ರದ ಧ್ವನಿಭಂಡಾರದಲ್ಲಿ. ಉಳಿದದ್ದು ಬ್ಯಾಂಡ್ ಮಾಸ್ತರರ ಮನೆತನದ ಖಾಸಗಿ ಸಂಗ್ರಹದಲ್ಲಿ!"

"ಅಂದ್ರ ಎಲ್ಲಾ ಒಂದೇ ಕಡೆ ಇರಂಗಿಲ್ಲೇನ್ರಿ ಕಾಕಾ?"

"ಹುಚ್ಚಿ, ಅವರವರು ತಮ್ಮ ಕೆಲಸಕ್ಕಂತ ಬರದಿಟ್ಟಾರ, ನಿನ್ನ ಪ್ರಬಂಧಕ್ಕಂತ ಅಲ್ಲ! ಯಾರ ಕೈಯಾಗ ಹುಟ್ಟೇತೋ ಅವರ ಗುಂಪಿನಾಗೇ ಇರಬೇಕು. ಕಲಸಿದರ ಕೆಡ್ತು!"

ಈ ನಿಯಮವನ್ನು ಯಂತ್ರಕ್ಕೆ ತುಸು ಹೆಚ್ಚೇ ಕಲಿಸಿದ್ದರು! ಅದು ಅಡುಗೆಮನೆಗೆ ನುಗ್ಗಿ ರೊಟ್ಟಿ ಹಂಚನ್ನು ಮೂಸಿತು. "ಮೂಲ: ಎದುರುಮನೆ!" ಎಂದು ಹೊತ್ತೊಯ್ದಿತು. ಮರಳಿ ಬಂದು ಏಣಿ ಒಯ್ದಿತು, ಒನಕೆ ಒಯ್ದಿತು, ಕೊನೆಗೆ ಕಾಕಾ ಉಟ್ಟಿದ್ದ ಧೋತರಕ್ಕೇ ಕೈ ಹಾಕಿತು!

"ಏ ಬಿಡಲೇ! ಅದು ನಮ್ಮ ಷಡ್ಡಕ ಕೊಟ್ಟಿದ್ದು!"

"ಒಪ್ಪಿಕೊಂಡದ್ದಕ್ಕೆ ಧನ್ಯವಾದ," ಎಂದು ಯಂತ್ರ ಎಳೆದುಕೊಂಡಿತು.

ಕಾಕಾನ ಹೆಂಡತಿ ಸಂಗವ್ವ ಸೌಟು ಹಿಡಿದು ಹೊರಬಂದರು. "ನಿಮ್ಮ ಮಾನದ ಮಾತು ಆಮ್ಯಾಲೆ. ನನ್ನ ಹಂಚು ಎಲ್ರಿ?"

"ಅದು ಎದುರುಮನಿಯವರದಂತ."

"ಇಸಕೊಂಡು ಇಷ್ಟು ವರ್ಷಾತು, ಇನ್ನೂ ಅವರದೇನು?"

ಯಂತ್ರ ಸಂಗವ್ವನನ್ನೇ ಮೂಸಿತು. "ಮೂಲ: ಬೆಟಗೇರಿ. ತಪ್ಪು ಜಾಗದಲ್ಲಿದೆ!" ಎಂದು ಅವರನ್ನೆತ್ತಿ ಗಾಡಿಯಲ್ಲಿ ಕೂರಿಸಿ ಭರ್ರನೆ ಹೊರಟೇಬಿಟ್ಟಿತು! ನೀಲಾಂಬಿಕೆ ಹಲಗೆಗೆ ಜೋತುಬಿದ್ದಳು. ಕಾಕಾ ಟವೆಲ್ ಸುತ್ತಿಕೊಂಡು ಹಿಂದೆ ಓಡಿದರು.

ಗಾಡಿ ನಿಂತದ್ದು ಬೆಟಗೇರಿಯಲ್ಲಿ, ಬ್ಯಾಂಡ್ ಮಾಸ್ತರರ ಮನೆಯ ಮುಂದೆ! ಹಿಂದೊಮ್ಮೆ ಬಂದಾಗ ಗುರುತಿಲ್ಲದವಳೆಂದು ಆ ಮನೆಯವರು ನೀಲಾಂಬಿಕೆಯನ್ನು ಹೊಸ್ತಿಲು ದಾಟಗೊಟ್ಟಿರಲಿಲ್ಲ.

"ಚಿಗವ್ವಾ, ನೀವು ಮಾಸ್ತರ ಮಗಳೇನ್ರಿ? ಹೇಳಬಾರದಿತ್ತೇನ್ರಿ!" ಎಂದಳು ನೀಲಾಂಬಿಕೆ ಸಂಗವ್ವನಿಗೆ.

"ನೀ ಕೇಳಿದ್ದರಲ್ಲ ಹೇಳೂದು? ಬಾ ಒಳಗ."

ಮನೆಮಗಳ ಜೊತೆ ಬಂದವಳನ್ನು ಯಾರೂ ತಡೆಯಲಿಲ್ಲ. ಗೋಡೆ ತುಂಬ ಬ್ಯಾಂಡಿನವರ ಫೋಟೊ, ಅಟ್ಟದಲ್ಲಿ ತುತ್ತೂರಿ, ಕಟ್ಟುಗಟ್ಟಲೆ ಹಾಡಿನ ಹಾಳೆ! ನೀಲಾಂಬಿಕೆಯ ವಿಷಯ ಉಳಿಯಿತು. ಸಂತೋಷಕ್ಕೆ ಹಾಳೆಗಳನ್ನು ತನಗೆ ಬೇಕಾದಂತೆ ಜೋಡಿಸಹೋದಳು; ಯಂತ್ರದ ಕಬ್ಬಿಣದ ಕೈ ಅವಳ ಕೈಮೇಲೆ ಫಟ್ಟೆಂದು ಬಿತ್ತು. "ಕೈ ತೊಳೆದು ಮುಟ್ಟು, ಇಟ್ಟವರ ಕ್ರಮದಲ್ಲೇ ಓದು!"

ಅಷ್ಟರಲ್ಲಿ ಸುದ್ದಿ ಗದಗಿಗೆ ಮುಟ್ಟಿತು. ಓಣಿಯ ಸೊಸೆಯಂದಿರೆಲ್ಲ ತಮ್ಮನ್ನೂ ಮೂಸೆಂದು ಬಂದು ಗಾಡಿಯ ಮುಂದೆ ಸಾಲುಗಟ್ಟಿ ನಿಂತರು! ಸಂಜೆಯವರೆಗೆ ಅವರನ್ನೆಲ್ಲ ತವರಿಗೆ ತಲುಪಿಸಿದ ಯಂತ್ರ, ಮತ್ತೆ ಬಂದು ಮಾಸ್ತರರ ಬಾಗಿಲಿಗೆ ಅಡ್ಡ ನಿಂತಿತು.

"ಹೆಂಡ್ತೀನ ಕರಕೊಂಡು ಹೋಗ್ಲೇನಪಾ?" ಕಾಕಾ ದೈನ್ಯದಿಂದ ಕೇಳಿದರು.

"ಸಂಗ್ರಹಾಗಾರದ ವಸ್ತುವನ್ನು ಹೊರಗೆ ಕೊಡುವುದಿಲ್ಲ. ಕೆಲಸದ ವೇಳೆಯಲ್ಲಿ ಇಲ್ಲೇ ಬಂದು ನೋಡಬಹುದು."

ಒಳಗಿನಿಂದ ಸಂಗವ್ವನ ದನಿ ಬಂತು: "ಬರೂವಾಗ ಕೈ ತೊಳಕೊಂಡು ಬರ್ರಿ!"