ಕುಂಕುಮದ ಬೊಟ್ಟಿಟ್ಟ ಕಾರ್ಡು

ಮನುಷ್ಯನೊಬ್ಬ ನಿಸ್ವಾರ್ಥವಾಗಿ ಲೋಕೋಪಕಾರಕ್ಕೆ ಹೊರಟಾಗಲೆಲ್ಲ ನಾಗರಿಕತೆ ಒಂದು ಹೆಜ್ಜೆ ಮುಂದಿಡುತ್ತದೆ. ನಾನು ಹೊರಟಾಗಲೂ ಇಡುತ್ತದೆ. ಆದರೆ ಆ ಹೆಜ್ಜೆ ನಮ್ಮ ಮನೆಯವರ ಕಾಲ ಮೇಲೇ ಬೀಳುತ್ತದೆ. ಮೂವತ್ತಮೂರು ವರ್ಷ ವಿಮಾ ಕಚೇರಿಯಲ್ಲಿ ಕೂತು, "ಸಣ್ಣ ಅಕ್ಷರದಲ್ಲಿರೋದನ್ನ ಓದದೆ ಸಹಿ ಹಾಕಬೇಡಿ ಸ್ವಾಮಿ" ಎಂದು ಎದುರಿಗೆ ಬಂದವರಿಗೆಲ್ಲ ಬುದ್ಧಿ ಹೇಳಿದವನು ನಾನು. ಈ ವಿವರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನನ್ನ ವಿರುದ್ಧ ಬಳಕೆಗೆ ಬರುತ್ತದೆ.

ವೆಸ್ಟ್ ಮಾಂಬಲಂನ ನಮ್ಮ ಪುಟ್ಟ ಕನ್ನಡ ವಾಚನಾಲಯಕ್ಕೆ ಗಿಂಡಿಯ ಕಚೇರಿಯೊಂದು ತನಗೆ ಬೇಡವಾದ ಆರು ಕಂಪ್ಯೂಟರುಗಳನ್ನು ದಾನ ಮಾಡಿತು. ಕೊಡುವ ಮುಂಚೆ, ಕಚೇರಿಯ ಗುಟ್ಟು ಹೊರಬೀಳದಿರಲೆಂದು, ಆರರ ಹಾರ್ಡ್ ಡಿಸ್ಕುಗಳನ್ನೂ ಕಿತ್ತಿಟ್ಟುಕೊಂಡಿತ್ತು. ಅಂದರೆ ಅವಕ್ಕೆ ಮುಖವಿತ್ತು, ಕೈಯಿತ್ತು, ನೆನಪೊಂದಿರಲಿಲ್ಲ. ನಮ್ಮ ಸಮಿತಿಯ ಹಿರಿಯರಲ್ಲಿ ಹಲವರ ಸ್ಥಿತಿಯೂ ಅದೇ ಆದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಇಂಥ ಯಂತ್ರಗಳಿಗೂ ಗತಿಯುಂಟು. ಮೂಲೆಯಲ್ಲಿ ಗಟ್ಟಿಮುಟ್ಟಾದ ಕಂಪ್ಯೂಟರೊಂದನ್ನು ಸರ್ವರ್ ಎಂದು ಕೂರಿಸಿ ತಂತಿ ಎಳೆದರೆ, ಇವು ತಮಗೆ ಬೇಕಾದ್ದನ್ನೆಲ್ಲ ಅದರಿಂದಲೇ ತರಿಸಿಕೊಳ್ಳುತ್ತವೆ. ನಮ್ಮವು ಎಷ್ಟು ಹಳೆಯವೆಂದರೆ, ಹಾಗೆ ಕೇಳಿ ತರಿಸಿಕೊಳ್ಳಬೇಕೆಂಬುದೂ ಅವಕ್ಕೆ ಗೊತ್ತಿರಲಿಲ್ಲ. ಅದಕ್ಕಾಗಿ ಒಂದೊಂದಕ್ಕೂ ಅಂಚೆಚೀಟಿಯಷ್ಟು ಅಗಲದ ಫ್ಲ್ಯಾಶ್ ಕಾರ್ಡು ಸಿಕ್ಕಿಸಬೇಕು. ಅದರಲ್ಲಿ ಲಿನಕ್ಸ್ ತಂತ್ರಾಂಶದ ಒಂದು ತುಣುಕನ್ನು, ಎಂದರೆ ಎದ್ದು ಕಣ್ಣುಜ್ಜಿಕೊಂಡು "ಅಣ್ಣಾ, ಎಲ್ಲಿದ್ದೀಯ?" ಎಂದು ಸರ್ವರನ್ನು ಕೂಗುವಷ್ಟು ಬುದ್ಧಿಯನ್ನು, ಬರೆದಿಟ್ಟಿರಬೇಕು. ಕಚೇರಿಯ ಕಡೆಯ ಹತ್ತು ವರ್ಷ ಕಂಪ್ಯೂಟರ್ ವಿಭಾಗದಲ್ಲಿದ್ದ ತಪ್ಪಿಗೆ ಈ ಹೊರೆ ನನ್ನ ತಲೆಗೆ ಬಂತು ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ನಿಜವಾಗಿ ನಾನೇ ಕೈಯೆತ್ತಿದ್ದೆ.

ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಗೆ ಹೋಗಿ, ಬೇರೆ ಬೇರೆ ಬಣ್ಣದ ಕಾರ್ಡುಗಳಿವೆಯೇ ಎಂದು ಕೇಳಿದೆ. ಅಂಗಡಿಯವನು ತಲೆಯೆತ್ತದೆ, ತಮಿಳಿನಲ್ಲಿ "ಎಲ್ಲಾಮೇ ಒಣ್ಣುದಾನ್ ಸಾರ್" ಎಂದ. ಎಲ್ಲವೂ ಒಂದೇ ಎಂಬ ಮಾತನ್ನು ನಮ್ಮ ಮಾಧ್ವ ಮನೆತನದಲ್ಲಿ ತಲೆತಲಾಂತರದಿಂದ ಯಾರೂ ಒಪ್ಪಿದವರಲ್ಲ. ನಾನು ಒಪ್ಪಿದೆ. ಒಂದೇ ಕಪ್ಪು ಬಣ್ಣದ ಏಳು ಕಾರ್ಡು ತಂದೆ.

ಏಳನೆಯದು ನನ್ನ ಹೆಂಡತಿ ವನಜಳ ಧ್ವನಿಮುದ್ರಣದ ಯಂತ್ರಕ್ಕೆ. ಅವಳದೂ ಒಂದು ಕೆಲಸ ನಡೆದಿತ್ತು. ಟ್ರಿಪ್ಲಿಕೇನಿನಲ್ಲಿರುವ ನಮ್ಮಕ್ಕ ರುಕ್ಮಿಣಿಗೆ ಎಂಬತ್ತೆರಡು. ನಮ್ಮ ಅಜ್ಜಿಯಿಂದ ಕಲಿತ ಆರತಿ ಹಾಡು, ಮದುವೆಯ ಉರುಟಣೆ ಹಾಡು, ಬೀಗರನ್ನು ಗೋಳುಹೊಯ್ದುಕೊಳ್ಳುವ ಹಾಡು, ಎಲ್ಲ ಅವಳ ಬಾಯಲ್ಲಿದ್ದವು. ಕಾಗದದ ಮೇಲೆ ಒಂದೂ ಇರಲಿಲ್ಲ. ವನಜ ಶನಿವಾರ ಶನಿವಾರ ಬಸ್ಸು ಹತ್ತಿ ಹೋಗಿ, ಚೈತ್ರದಿಂದ ಶ್ರಾವಣದೊಳಗೆ ನಲವತ್ತೊಂದು ಹಾಡು ತುಂಬಿಸಿಕೊಂಡು ಬಂದಳು. ಭಾದ್ರಪದದಲ್ಲಿ ಅಕ್ಕನಿಗೆ ಜ್ವರ ಬಂತು. ಜ್ವರ ಹೋಗುವಾಗ ದನಿಯನ್ನೂ ನೆನಪನ್ನೂ ಅರ್ಧರ್ಧ ಕೊಂಡೊಯ್ದಿತು.

"ರೀ, ಆ ಹಾಡುಗಳನ್ನ ಕಂಪ್ಯೂಟರ್‌ಗೆ ಇನ್ನೊಂದು ಪ್ರತಿ ಹಾಕಿಕೊಡಿ ಅಂದ್ನಲ್ಲ?" ಎಂದು ವನಜ ನಾಲ್ಕು ಸಲ ಕೇಳಿದಳು.

"ವಾಚನಾಲಯದ್ದು ಮುಗೀಲಿ ತಾಳು. ಅದು ಸಾರ್ವಜನಿಕ ಕೆಲಸ" ಎಂದು ನಾನು ನಾಲ್ಕು ಸಲವೂ ಗಂಭೀರವಾಗಿ ಹೇಳಿದೆ. ಅಲ್ಲಿಯವರೆಗೆ ಭದ್ರವಾಗಿರಲೆಂದು, ಕಾರ್ಡಿನ ಪಕ್ಕದಲ್ಲಿರುವ ಎಳ್ಳಿನಷ್ಟು ಬೀಗವನ್ನು ಕೆಳಕ್ಕೆ ಸರಿಸುವುದನ್ನು ಕಲಿಸಿಕೊಟ್ಟೆ. "ಹೀಗಿಟ್ಟರೆ ಎಂಥ ಮೂರ್ಖ ಬಂದರೂ ಅಳಿಸೋಕಾಗಲ್ಲ" ಎಂದೂ ಹೇಳಿದೆ. ಅವಳು ಶ್ರದ್ಧೆಯಿಂದ ಹಾಗೇ ಇಟ್ಟಳು.

ನನ್ನ ಆರು ಕಾರ್ಡುಗಳಲ್ಲಿ ಒಂದು ಪ್ರಯೋಗದ್ದು. ಅದರ ಮೇಲೆ ಬರೆಯುವುದು, ಯಂತ್ರ ಏಳದಿದ್ದರೆ ಅಳಿಸಿ ಮತ್ತೆ ಬರೆಯುವುದು. ಗುರುತಿಗೆಂದು ದೇವರ ಮನೆಗೆ ಹೋಗಿ ಅದಕ್ಕೊಂದು ಕುಂಕುಮದ ಬೊಟ್ಟಿಟ್ಟಿದ್ದೆ. ಬರೆಯುವ ಮುನ್ನ ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಪೂರ್ತಿ ಒರೆಸಿಬಿಡುವುದು ನನ್ನ ಪದ್ಧತಿ. ಇದರ ಅಗತ್ಯವೇ ಇಲ್ಲವೆಂದು ತಿಳಿದವರು ಹೇಳುತ್ತಾರೆ. ಆದರೆ ಸಾರಿಸದ ನೆಲದ ಮೇಲೆ ರಂಗೋಲಿ ಹಾಕುವುದು ನಮ್ಮಲ್ಲಿಲ್ಲ.

ಆಯುಧಪೂಜೆ ಬಂತು. ವನಜ ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿದಳು: ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆಮಣೆಗೆ, ನನ್ನ ಲ್ಯಾಪ್‌ಟಾಪಿಗೆ. ಧ್ವನಿಮುದ್ರಣದ ಯಂತ್ರಕ್ಕೆ ಹಚ್ಚಿದ ಮೇಲೆ ಅದರ ಕಾರ್ಡನ್ನೂ ಹೊರತೆಗೆದು, ಬೊಟ್ಟಿಟ್ಟು, ತಟ್ಟೆಯಲ್ಲಿ ಸರಸ್ವತಿಯ ಮುಂದಿಟ್ಟಳು. ಯಾಕೆಂದು ಆಮೇಲೆ ಕೇಳಿದೆ. "ಅಕ್ಕ ಇರೋದು ಅದರೊಳಗೇ ಅಲ್ವೇನ್ರೀ?" ಎಂದಳು.

ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ಬೆಳಿಗ್ಗೆ ತೆಗೆದು ಕೆಲಸ ಶುರುಮಾಡಿದರೆ ಯಶಸ್ಸು ಖಂಡಿತ. ಆರು ತಿಂಗಳಿಂದ ಕೈಕೊಡುತ್ತಿದ್ದ ಯಶಸ್ಸನ್ನು ಅವತ್ತು ಹಿಡಿದೇ ಬಿಡಬೇಕೆಂದು, ಸ್ನಾನ ಮುಗಿಸಿ, ತಟ್ಟೆಯಿಂದ ಬೊಟ್ಟಿದ್ದ ಕಾರ್ಡನ್ನು ಕಣ್ಣಿಗೊತ್ತಿಕೊಂಡು ತೆಗೆದೆ. ನನ್ನ ಕಾರ್ಡು ಆಗ ಕನ್ನಡಕದ ಡಬ್ಬಿಯಲ್ಲಿತ್ತು. ಕನ್ನಡಕ ಮೂಗಿನ ಮೇಲಿದ್ದುದರಿಂದ ಡಬ್ಬಿ ತೆರೆಯುವ ಪ್ರಮೇಯ ಬರಲಿಲ್ಲ.

ಕಂಪ್ಯೂಟರು ಮೊದಲು ಒಪ್ಪಲಿಲ್ಲ. ಕಾರ್ಡಿಗೆ ಬೀಗ ಹಾಕಿದೆ, ಬರೆಯಲಾಗದು ಎಂದಿತು. ಹಬ್ಬದ ದಿನ ಇದೆಂಥ ಮೊಂಡುತನವೆಂದು, ಉಗುರಿನಿಂದ ಬೀಗವನ್ನು ಮೇಲಕ್ಕೆ ತಳ್ಳಿದೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಸಣ್ಣ ಅಕ್ಷರದಲ್ಲಿ ಕೇಳಿತು. ಆರು ತಿಂಗಳಲ್ಲಿ ಅದು ಅದನ್ನೇ ನೂರು ಸಲ ಕೇಳಿತ್ತು. ಹೌದೆಂದು ಒತ್ತಿ, ಕಾಫಿ ಕುಡಿಯಲು ಹೋದೆ. ಬಂದು ನೋಡಿದರೆ ಸಾರಿಸಿದ್ದೂ ಆಗಿತ್ತು, ರಂಗೋಲಿಯೂ ಬಿದ್ದಿತ್ತು. ವಾಚನಾಲಯಕ್ಕೆ ಓಡಿ, ಕಾರ್ಡು ಸಿಕ್ಕಿಸಿ ಗುಂಡಿ ಒತ್ತಿದೆ. ಮೊಟ್ಟಮೊದಲ ಬಾರಿಗೆ ಯಂತ್ರ ಎದ್ದು, ಅಣ್ಣನನ್ನು ಹುಡುಕಿ, ಪರದೆಯ ಮೇಲೆ ಕನ್ನಡದಲ್ಲಿ "ಸ್ವಾಗತ" ಎಂದಿತು. ಕನ್ನಡ ಅಕ್ಷರ ಕಲಿಯಲು ಬರುವ ಹುಡುಗಿಯೊಬ್ಬಳು ಇಣುಕಿ, "ತಾತಾ, ಗೇಮ್ ಇರುಕ್ಕಾ?" ಎಂದು ಕೇಳಿದಳು. ಆ ಸಂಭ್ರಮದಲ್ಲಿ ಅವಳಿಗೊಂದು ಚಾಕಲೇಟು ಕೊಡಿಸಿದೆ.

ಮನೆಗೆ ಬಂದಾಗ ವನಜ ಖಾಲಿ ತಟ್ಟೆ ಹಿಡಿದು ನಿಂತಿದ್ದಳು. "ರೀ, ಇಲ್ಲಿದ್ದ ಅಕ್ಕನ ಕಾರ್ಡು?"

ನಾನು ಕನ್ನಡಕದ ಡಬ್ಬಿ ತೆರೆದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಒಂದೆರಡು ಮಾತಾಡಿ ಹಗುರಾಗಬಹುದಿತ್ತು. ತಟ್ಟೆ ಕೆಳಗಿಟ್ಟು, "ನಾಲ್ಕು ಸಲ ಕೇಳಿದ್ದೆ" ಎಂದಳು, ಅಷ್ಟೇ. ಪೂರ್ತಿ ಒರೆಸಿದ ಕಾರ್ಡಿನಿಂದ ಏನನ್ನೂ ಹಿಂದಕ್ಕೆ ಪಡೆಯಲಾಗದು. ಒರೆಸದೆ ಬರೀ ಬರೆದಿದ್ದರೆ ಬಹುಪಾಲು ಸಿಗುತ್ತಿತ್ತಂತೆ. ನನ್ನ ಪದ್ಧತಿಯನ್ನು ಮೆಚ್ಚಿದ ಏಕೈಕ ವ್ಯಕ್ತಿ ನಾನೇ ಆಗಿದ್ದೆ. ಈಗ ಆ ಸ್ಥಾನವೂ ಖಾಲಿಯಿದೆ.

ಮಾರನೆಯ ದಿನ ಟ್ರಿಪ್ಲಿಕೇನಿಗೆ ಹೋಗಿ ಅಕ್ಕನೆದುರು ತಪ್ಪೊಪ್ಪಿಕೊಂಡೆ. ಅವಳು ನನ್ನನ್ನೇ ನೋಡಿ, ಬೊಚ್ಚುಬಾಯಲ್ಲಿ ನಕ್ಕಳು. "ಅಯ್ಯೋ ಶೀನಿ, ಚಿಕ್ಕಂದಿನಲ್ಲಿ ನನ್ನ ಸ್ಲೇಟೂ ಹೀಗೇ ಒರೆಸಿಡ್ತಿದ್ದೆ. ಬೇಜಾರು ಮಾಡ್ಕೋಬೇಡ, ಮತ್ತೆ ಹೇಳ್ತೀನಿ ಬರ್ಕೋ" ಎಂದು ಕಣ್ಣು ಮುಚ್ಚಿ ಶುರುಮಾಡಿದಳು. ಎರಡು ಸಾಲಿಗೆ ನಿಂತಳು. ಮತ್ತೆ ಮೊದಲಿಂದ ಹಿಡಿದು, ಅಲ್ಲೇ ನಿಂತಳು. "ಮರಂದುಪೋಚ್ಚು ಕಣೋ, ಮರ್ತೇಹೋಯ್ತು" ಎಂದಳು. ಆಗ ನಗಲಿಲ್ಲ.

ಈಗ ಶನಿವಾರ ನಾನೂ ವನಜಳ ಜೊತೆ ಹೋಗುತ್ತೇನೆ. ನೋಟ್‌ಬುಕ್ಕು, ಪೆನ್ನು ನನ್ನ ಕೈಯಲ್ಲಿರುತ್ತವೆ. ಯಂತ್ರವನ್ನು ಅವಳು ನನಗೆ ಕೊಡುವುದಿಲ್ಲ. ವಾಚನಾಲಯದ ಆರೂ ಕಂಪ್ಯೂಟರುಗಳು ಕೆಲಸ ಮಾಡುತ್ತಿವೆ. ನಲವತ್ತೊಂದು ಹಾಡುಗಳಲ್ಲಿ ಅಕ್ಕನಿಗೆ ನೆನಪಿರುವುದು ಒಂಬತ್ತು.