ನಗುವ ಮಗುವನ್ನು ಒಪ್ಪದ ಫೋಟೊ ಯಂತ್ರದ ಸನ್ನಿಧಾನಕ್ಕೆ

ರೈಲು ನಿಲ್ದಾಣದ ಮೆಟ್ಟಿಲ ಕೆಳಗೆ, ಬೀಗ ರಿಪೇರಿಯವನ ಅಂಗಡಿಗೂ ಹೂವಿನಂಗಡಿಗೂ ನಡುವೆ, ನೀಲಿ ಪರದೆ ತೊಟ್ಟು ಹಗಲಿರುಳೂ ನಿಂತೇ ಸೇವೆ ಸಲ್ಲಿಸುತ್ತಿರುವ ಪಾಸ್‌ಪೋರ್ಟ್ ಫೋಟೊ ಯಂತ್ರದವರಿಗೆ, ಎದುರು ಕಟ್ಟಡದ ಮೂರನೆಯ ಮಹಡಿಯ ಬಾಡಿಗೆದಾರನು ಕೈಮುಗಿದು, ತಲೆ ತಗ್ಗಿಸಿ (ತಮ್ಮ ಬಾಗಿಲು ಗಿಡ್ಡವಾದ್ದರಿಂದ ತಗ್ಗಿಸುವುದು ಈಗ ಅಭ್ಯಾಸವೇ ಆಗಿದೆ) ಎಲ್ಲರೂ ಓದಲೆಂದು ಬರೆದುಕೊಳ್ಳುವ ಅರಿಕೆ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾವು ಮೂವರೂ ಕ್ಷೇಮ. ‘ಮೂವರು’ ಎಂದು ಬರೆಯುವಾಗ ನನ್ನ ಪೆನ್ನು ಈಗಲೂ ಕೊಂಚ ತಡೆಯುತ್ತದೆ. ಮದುವೆಯಾದಂದಿನಿಂದ ಇಬ್ಬರೆಂದೇ ಬರೆದು ರೂಢಿಯಾದ ಪೆನ್ನು, ಅದನ್ನು ತಪ್ಪು ತಿಳಿಯಬಾರದು.

ಮೊದಲಿಗೆ ನನ್ನ ಪರಿಚಯ. ನಾನು ನಮ್ಮೂರಿನ ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತ. ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು, ಬಂದರೆ ಕೆಂಪಗೆ ಬರುತ್ತದೆಂದು ಜನ ಬರೆದ ಅರ್ಜಿಗಳ ಮೇಲೆ ‘ಪರಿಶೀಲಿಸಲಾಗಿ ತಿರಸ್ಕರಿಸಲಾಗಿದೆ’ ಎಂದು ಷರಾ ಬರೆದು ಬರೆದು ನನ್ನ ಬೆರಳು ಒಂದು ಕಡೆ ಬಾಗಿಹೋಗಿದೆ. ದೂರು ಕೊಡುವವರ ಸಾಲಿನಲ್ಲಿ ನಿಂತದ್ದು ಇದೇ ಮೊದಲಾದ್ದರಿಂದ ಬರವಣಿಗೆಯಲ್ಲಿ ಏನಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಹೊಟ್ಟೆಗೆ ಹಾಕಿಕೊಳ್ಳುವುದರಲ್ಲಿ ತಾವು ಎತ್ತಿದ ಕೈ ಎಂಬುದನ್ನು ನಮ್ಮ ಚಿಲ್ಲರೆ ನಾಣ್ಯಗಳು ಚೆನ್ನಾಗಿ ಬಲ್ಲವು.

ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಈ ಸಂಗತಿ ಮುಂದೆ ಉಪಯೋಗಕ್ಕೆ ಬರುವುದರಿಂದ ತಾವು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ನಮ್ಮ ಮಗಳು. ಮಗುವನ್ನು ದತ್ತು ಪಡೆಯಲೆಂದೇ ನಾವು ಊರು ಬಿಟ್ಟು ಬಂದ ಈ ದೇಶದ ನ್ಯಾಯಾಲಯ ಅವಳನ್ನು ನಮಗೆ ಕೊಟ್ಟ ದಿನ ನ್ಯಾಯಾಧೀಶೆ ನಕ್ಕರು, ವಕೀಲರು ನಕ್ಕರು, ಬಾಗಿಲ ಬಳಿ ನಿಂತಿದ್ದ ಜವಾನನೂ ನಕ್ಕ. ನಗದೆ ಉಳಿದವಳು ಅವಳೊಬ್ಬಳೇ. ಎಂಟು ತಿಂಗಳ ಕೂಸು ನನ್ನ ತೋಳಿನ ಮೇಲೆ ಠೀವಿಯಿಂದ ಕುಳಿತು, ನನ್ನನ್ನೂ ನನ್ನ ಹೆಂಡತಿಯನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ತನ್ನ ತೀರ್ಪನ್ನು ಮಾತ್ರ ಮುಂದಕ್ಕೆ ಹಾಕಿತು. ಅಂದಿನಿಂದ ಅವಳು ನಮ್ಮ ಮನೆಯ ಜಡ್ಜಮ್ಮ. ಅವಳು ಅಳುತ್ತಲೂ ಇರಲಿಲ್ಲ. ಅವಳು ಅದುವರೆಗೆ ಇದ್ದ ಅನಾಥ ಮಕ್ಕಳ ಮನೆಯ ಆಯಾ ಅದನ್ನೇ ದೊಡ್ಡ ಗುಣವೆಂದು ಹೊಗಳಿ, ಗಲಾಟೆಯೇ ಇಲ್ಲದ ಮಗುವೆಂದು ಹೇಳಿ ಕಳಿಸಿದ್ದಳು. ಕೂಗಿದರೆ ಯಾರಾದರೂ ಬರುತ್ತಾರೆ ಎಂದು ಗೊತ್ತಿರುವ ಮಗು ತಾನೇ ಕೂಗುವುದು? ಅದನ್ನು ನೆನೆದು ನನ್ನ ಹೆಂಡತಿ ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು, ಆ ಸದ್ದಿನ ಮರೆಯಲ್ಲಿ ತಾನೇ ಒಂದಿಷ್ಟು ಅತ್ತಳು.

ಅವಳನ್ನು ನಗಿಸಲು ನಾನು ಪಟ್ಟ ಪಾಡು ತಮ್ಮಂಥ ಗಂಭೀರರಿಗೆ ವರ್ಣಿಸುವಂಥದಲ್ಲ. ಕತ್ತೆಯಾದೆ, ಕೋಳಿಯಾದೆ, ತಲೆಯ ಮೇಲೆ ಪಾತ್ರೆ ಕವುಚಿಕೊಂಡು ಕೋಣೆ ತುಂಬ ಕುಣಿದೆ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರೇ ಹೊರತು ಜಡ್ಜಮ್ಮನ ತುಟಿ ಅಲುಗಲಿಲ್ಲ. ವಾದಿಯ ಪರ ಸಾಕ್ಷ್ಯ ಸಾಲದು ಎಂಬಂತೆ ನನ್ನನ್ನೊಮ್ಮೆ ನೋಡಿ, ಎಡಗಾಲಿನ ಕಾಲುಚೀಲ ಕಿತ್ತು ಕೆಳಗೆಸೆದು, ಅಂದಿನ ಕಲಾಪವನ್ನು ಮುಗಿಸುತ್ತಿದ್ದಳು.

ಇಂಥ ಹೊತ್ತಿನಲ್ಲಿ ತಮ್ಮ ಪರಿಚಯವಾಯಿತು. ಮಗಳನ್ನು ಊರಿಗೆ ಕರೆದೊಯ್ಯಲು ಅವಳಿಗೊಂದು ಪಾಸ್‌ಪೋರ್ಟ್ ಬೇಕು, ಅದಕ್ಕೊಂದು ಫೋಟೊ ಬೇಕು, ಆ ಫೋಟೊ ತಮ್ಮ ಹೊಟ್ಟೆಯಿಂದಲೇ ಹುಟ್ಟಬೇಕು ಎಂದು ಪಾಸ್‌ಪೋರ್ಟ್ ಕಚೇರಿಯವರು ಅಪ್ಪಣೆ ಕೊಡಿಸಿದರು. ತಮ್ಮ ಮೈಮೇಲೆ ಅಂಟಿಸಿರುವ ಚಿತ್ರಗಳಿಂದ ನಿಯಮಗಳನ್ನು ತಿಳಿದುಕೊಂಡೆವು: ಮುಖ ನೇರವಾಗಿರಬೇಕು, ಕಣ್ಣು ತಮ್ಮನ್ನೇ ನೋಡುತ್ತಿರಬೇಕು, ಬಾಯಿ ಮುಚ್ಚಿರಬೇಕು, ಇನ್ನೊಬ್ಬರ ಕೈ ಎಲ್ಲಿಯೂ ಕಾಣಬಾರದು. ಕುಳಿತರೆ ವಾಲಿಬೀಳುವ ವಯಸ್ಸಿನ ಮಗು ಯಾರ ಕೈಯೂ ಇಲ್ಲದೆ ನೆಟ್ಟಗೆ ಕೂರುವುದು ಹೇಗೆಂಬ ಚಿತ್ರ ಮಾತ್ರ ಅಲ್ಲಿರಲಿಲ್ಲ. ಕೊನೆಗೆ ನಾನೇ ತಮ್ಮ ತಿರುಗುವ ಸ್ಟೂಲನ್ನು ಮೂಲೆಗೆ ತಳ್ಳಿ, ನೆಲದಲ್ಲಿ ಮಂಡಿಯೂರಿ, ತಲೆಯ ಮೇಲೆ ಬಿಳಿ ಹಾಸಿಗೆಹೊದಿಕೆ ಹೊದ್ದು, ಅದರೊಳಗಿಂದ ಎರಡೂ ಕೈಗಳಲ್ಲಿ ಮಗಳನ್ನು ಎತ್ತಿಹಿಡಿದು ಕುರ್ಚಿಯಾದೆ. ನನ್ನ ಹೆಂಡತಿ ಪರದೆಯ ಸಂದಿಯಲ್ಲಿ ತಲೆ ತೂರಿಸಿ ಮೇಲ್ವಿಚಾರಣೆಗೆ ನಿಂತಳು.

ಬೆಳಕು ಮಿಂಚಿತು. ತಾವು ಕ್ಷಣಕಾಲ ಪರಿಶೀಲಿಸಿದಿರಿ. ಆಮೇಲೆ ತೆರೆಯ ಮೇಲೆ ಕೆಂಪು ಗೀಟಿನ ಕತ್ತರಿ ಗುರುತು ಹಾಕಿ, ಹಳೆಯ ಬಾಗಿಲಿಗೆ ಶೀತ ಹಿಡಿದಂಥ ದನಿಯಲ್ಲಿ ‘ಟುಂಯ್’ ಎಂದಿರಿ.

ಆ ಕ್ಷಣ ನನ್ನ ಅಂಗೈಗಳ ನಡುವೆ ಏನೋ ನಡುಗಿತು. ಬಿಕ್ಕಳಿಕೆಯೆಂದುಕೊಂಡೆ, ಹೆದರಿದೆ. ಇನ್ನೊಮ್ಮೆ ನಡುಗಿತು, ಅದರ ಜೊತೆಗೇ ಕಿಲಕಿಲ ಸದ್ದು ಬಂತು, ಮತ್ತು ಪರದೆಯ ಸಂದಿಯಿಂದ ನನ್ನ ಹೆಂಡತಿ ‘ರೀ, ನಗ್ತಿದಾಳೆ ರೀ! ನೋಡ್ರೀ ಇಲ್ಲಿ!’ ಎಂದು ನಿಲ್ದಾಣವೆಲ್ಲ ಕೇಳುವಂತೆ ಕೂಗಿದಳು. ಮಾನ್ಯರೇ, ಎಲ್ಲಿಂದ ನೋಡಲಿ? ನಾನು ಕುರ್ಚಿಯಾಗಿದ್ದೆ, ನನ್ನ ಕಣ್ಣೆದುರು ಬಿಳಿ ಬಟ್ಟೆಯಿತ್ತು. ಹೊದಿಕೆ ಸರಿಸಿ ಎದ್ದು ನಿಲ್ಲುವಷ್ಟರಲ್ಲಿ ಜಡ್ಜಮ್ಮ ಮತ್ತೆ ಪೀಠದ ಗಾಂಭೀರ್ಯಕ್ಕೆ ಮರಳಿದ್ದಳು.

ನನ್ನ ದೂರಿನ ಬೇರು ಇಲ್ಲಿದೆ. ಹೆತ್ತವರಲ್ಲದಿದ್ದರೂ ಹೆತ್ತವರಿಗಿಂತ ಹೆಚ್ಚಾಗಿ ಹಂಬಲಿಸಿ ಬಂದ ನಮಗೆ ದಕ್ಕದ ನಗುವನ್ನು, ಒಂದು ಬೆರಳೂ ಅಲ್ಲಾಡಿಸದೆ, ಅಲ್ಲಾಡಿಸಲು ಬೆರಳೇ ಇಲ್ಲದ ತಾವು ಹೊಡೆದುಕೊಂಡಿರಿ. ಹೊಡೆದುಕೊಂಡದ್ದೂ ಸಾಲದೆ ಅದನ್ನೇ ಅಪರಾಧವೆಂದು ಪರಿಗಣಿಸಿದಿರಿ. ಏಕೆಂದರೆ ಆಮೇಲೆ ನಡೆದದ್ದಿಷ್ಟು: ತಾವು ‘ಟುಂಯ್’ ಎಂದರೆ ಅವಳು ನಗುತ್ತಾಳೆ, ಅವಳು ನಕ್ಕಳೆಂದು ತಾವು ಫೋಟೊವನ್ನು ತಿರಸ್ಕರಿಸುತ್ತೀರಿ, ತಿರಸ್ಕರಿಸುವಾಗ ಮತ್ತೆ ‘ಟುಂಯ್’ ಎನ್ನುತ್ತೀರಿ, ಅವಳು ಮತ್ತೆ ನಗುತ್ತಾಳೆ. ನಮ್ಮ ಕಚೇರಿಯಲ್ಲಿ ಅರ್ಜಿಗಳನ್ನು ಮೇಜಿನಿಂದ ಮೇಜಿಗೆ ಸುತ್ತಿಸುವ ವಿದ್ಯೆಯಲ್ಲಿ ನಾವೇ ಪ್ರವೀಣರೆಂಬ ಜಂಬ ನನಗಿತ್ತು. ಅದನ್ನು ಇಳಿಸಿದ ತಮಗೆ ನಮ್ಮ ವಿಭಾಗದ ಪರವಾಗಿ ಅಭಿನಂದನೆಗಳು.

ತಪ್ಪೆಲ್ಲ ತಮ್ಮದೇ ಎಂದು ಹೇಳುವಷ್ಟು ಕೃತಘ್ನ ನಾನಲ್ಲ. ಹಲ್ಲಿನ ಡಾಕ್ಟರ ಸಂಗತಿಯನ್ನು ನೆನಪಿಡಲು ಕೋರಿದ್ದೆನಷ್ಟೆ? ಬದುಕಿನುದ್ದಕ್ಕೂ ಬೆಳಕಿನ ಕೆಳಗಿನ ಮುಖಗಳ ಮುಂದೆ ಬಾಗಿ ‘ಆ ಅನ್ನಿ’ ಎಂದು ಹೇಳಿಕೊಂಡು ಬಂದವಳಿಗೆ, ತಮ್ಮ ದೀಪ ಹೊತ್ತಿ ಎದುರಿಗೊಂದು ಮುಖ ಕಂಡ ಕೂಡಲೇ ಬಾಯಿ ತಂತಾನೇ ‘ಆ’ ಎಂದು ತೆರೆದುಕೊಳ್ಳುತ್ತದೆ. ಅಮ್ಮ ಬಾಯಿ ತೆರೆದರೆ ಮಗಳೂ ತೆರೆಯುತ್ತಾಳೆ. ಹೀಗೆ ನಗದೆ ಇದ್ದ ಅಪರೂಪದ ಫೋಟೊಗಳಲ್ಲಿ ಅವಳು ತನ್ನ ಒಂದೇ ಒಂದು ಹಲ್ಲನ್ನು ಪ್ರದರ್ಶಿಸುತ್ತಿದ್ದಾಳೆ. ತಾವು ಅವನ್ನೂ ತಿರಸ್ಕರಿಸಿ, ಎಂದಿನಂತೆ ದೋಷವಿರುವ ಕಡೆ ಕೆಂಪು ಬಾಣದ ಗುರುತು ಹಾಕಿ, ಅಚ್ಚು ಮಾಡಿ ನಮ್ಮ ಕೈಗೆ ಉಗುಳಿದಿರಿ. ನನ್ನ ಹೆಂಡತಿಗೆ ಮಾತ್ರ ಆ ಹಲ್ಲಿನ ನಿಲುವು ತುಂಬ ಮೆಚ್ಚಿಗೆಯಾಗಿದೆ, ತಮ್ಮ ಗಮನಕ್ಕೆ ಇರಲಿ.

ದಿನವೂ ಬಂದೆವು. ಫೋಟೊಗಾಗಿ ಬರುತ್ತಿದ್ದೇವೆಂದು ಒಬ್ಬರಿಗೊಬ್ಬರು ಹೇಳಿಕೊಂಡೆವು, ಆದರೆ ಮನೆಯಲ್ಲಿ ಬಿಗಿದುಕೊಂಡೇ ಇರುವ ಆ ಮುಖ ತಮ್ಮ ಪೆಟ್ಟಿಗೆಯೊಳಗೆ ಬಿಚ್ಚಿಕೊಳ್ಳುತ್ತದೆಂದೇ ಬರುತ್ತಿದ್ದೆವೆಂಬುದು ಇಬ್ಬರಿಗೂ ಗೊತ್ತಿತ್ತು. ಬೆಳಿಗ್ಗೆ ಅಡುಗೆಮನೆಯ ತೊಟ್ಟಿಯಲ್ಲಿ ಅವಳ ಸ್ನಾನ. ನೀರೆಲ್ಲ ನನ್ನ ಮೈಮೇಲೆ ಬಿದ್ದು ನನ್ನದೂ ಅರ್ಧ ಸ್ನಾನ. ಕಿಟಕಿಯ ಕೆಳಗೆ ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಯ ಮೇಲೆ ಅವಳ ಪುಟ್ಟ ಅಂಗಿಗಳು ಸಾಲಾಗಿ ಒಣಗುತ್ತವೆ. ಗಂಜಿಯ ಚಮಚ ಬಾಯಿಗೆ ಹೋಗುವ ಮೊದಲು ಕಿವಿಗೂ ಹುಬ್ಬಿಗೂ ಭೇಟಿ ಕೊಡುತ್ತದೆ. ಆಮೇಲೆ ತಳ್ಳುಗಾಡಿಯಲ್ಲಿ ಅವಳ ಸವಾರಿ ಹೊರಡುತ್ತದೆ. ಕಲ್ಲು ಹಾಸಿದ ಬೀದಿಯಲ್ಲಿ ಗಾಡಿ ಗಡಗಡ ಅಲುಗುವಾಗ ಅವಳ ಎರಡು ಕೆನ್ನೆಗಳೂ ಅಲುಗುತ್ತವೆ, ಮುಖ ಮಾತ್ರ ಅಲುಗುವುದಿಲ್ಲ. ಹಾದಿಯಲ್ಲಿ ಎಡಗಾಲಿನ ಕಾಲುಚೀಲ ಬಿದ್ದೇ ಬೀಳುತ್ತದೆ. ಬ್ಯಾಗು ಹೊತ್ತ ಆಫೀಸಿನವರು, ಸೈಕಲ್ಲಿನ ಹುಡುಗಿಯರು, ಒಮ್ಮೆ ಒಬ್ಬ ಪೊಲೀಸಿನವ, ಅದನ್ನು ಎತ್ತಿಕೊಂಡು ನಮ್ಮ ಹಿಂದೆ ಓಡಿಬಂದು ಕೊಟ್ಟಿದ್ದಾರೆ. ಭಾಷೆ ಬಾರದ ಊರಿನಲ್ಲಿ ನಮಗೆ ಇಷ್ಟು ಜನರ ಪರಿಚಯ ಮಾಡಿಸಿದ್ದು ಆ ಒಂದು ಕಾಲುಚೀಲ. ನಿಜ ಹೇಳಬೇಕೆಂದರೆ, ಮಾನ್ಯರೇ, ನಾವು ಇಷ್ಟು ಸಂತೋಷವಾಗಿ ಎಂದೂ ಇರಲಿಲ್ಲ. ಅದರ ನಡುವೆ ಒಂದೇ ಒಂದು ಮುಳ್ಳು ಇತ್ತು, ಆ ಮುಳ್ಳು ತಾವು.

ಊರಿನಿಂದ ನನ್ನ ತಾಯಿ ದಿನವೂ ಫೋನಿನಲ್ಲಿ ಮುಖ ತೋರಿಸಿ ವಿಚಾರಿಸುತ್ತಾರೆ. ತಮ್ಮ ವಿಷಯ ತಿಳಿದ ದಿನ ಅವರು ಆಡಿದ ಮಾತನ್ನು ಅಕ್ಷರ ಬಿಡದೆ ತಮ್ಮ ಅವಗಾಹನೆಗೆ ತರುತ್ತಿದ್ದೇನೆ: ‘ಏನೋ ಇದು, ನಗೋ ಮಗೂನ ನಗಬೇಡ ಅನ್ನತ್ತಾ ಆ ಡಬ್ಬ? ಅದಕ್ಕೇನು ಅಮ್ಮ ಅಪ್ಪ ಇಲ್ವೇನೋ?’ ನಾನು ತಮ್ಮ ಪರವಾಗಿ, ನಿಯಮ ಅಂದರೆ ನಿಯಮ ಎಂದು ಏನೋ ವಾದಿಸಲು ಹೋದೆ. ಪಕ್ಕದಲ್ಲೇ ಕುಳಿತಿದ್ದ ನನ್ನ ಹೆಂಡತಿ, ‘ಅತ್ತೆ, ಇವರು ಆಫೀಸಲ್ಲಿ ಜನಕ್ಕೆ ಮಾಡ್ತಿದ್ದಿದ್ದೂ ಇದೇ ಅಲ್ವಾ? ಈಗ ಅನುಭವಿಸ್ಲಿ ಬಿಡಿ’ ಎಂದಳು. ಇಬ್ಬರೂ ಸೇರಿ ಬಹಳ ಹೊತ್ತು ನಕ್ಕರು. ಜಡ್ಜಮ್ಮ ಇಬ್ಬರನ್ನೂ ನೋಡಿ, ಎಡಗಾಲಿನ ಕಾಲುಚೀಲ ಕಿತ್ತೆಸೆದಳು.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ಕೆಲವು ಪ್ರಾರ್ಥನೆಗಳಿವೆ. ತಮ್ಮ ತಿರಸ್ಕಾರದ ದನಿಯನ್ನು, ನಮ್ಮ ಕಚೇರಿಯಲ್ಲಿ ಮಾಡುವ ಹಾಗೆ, ಬರೀ ಒಂದು ಕೆಮ್ಮಿಗೆ ಇಳಿಸಬೇಕು. ಕೆಮ್ಮಿದರೆ ಯಾವ ಮಗುವೂ ನಗುವುದಿಲ್ಲ, ಯಾವ ಅರ್ಜಿದಾರನೂ ನಗುವುದಿಲ್ಲ. ಅದು ಆಗದಿದ್ದರೆ ತಾವು ಕೆಲಸಕ್ಕೆ ರಾಜೀನಾಮೆ ಕೊಟ್ಟು ನಮ್ಮ ಮನೆಯಲ್ಲಿ ಮಗು ಆಡಿಸಲು ನಿಲ್ಲಬೇಕು. ಲಿಫ್ಟು ಚಿಕ್ಕದು, ಆದರೆ ಬೀಗದವನೂ ನಾನೂ ಸೇರಿ ತಮ್ಮನ್ನು ಮೆಟ್ಟಿಲ ಮೇಲೆ ಹೊತ್ತೊಯ್ಯಲು ಸಿದ್ಧರಿದ್ದೇವೆ. ಅದೂ ಆಗದಿದ್ದರೆ, ಒಂದು ದಿನ ಕನ್ನಡಿಯ ಮುಂದೆ ನಿಂತು ತಮ್ಮ ಫೋಟೊವನ್ನು ತಾವೇ ತೆಗೆದುಕೊಂಡು, ಅದು ತಮ್ಮ ನಿಯಮಗಳಿಗೆ ಒಪ್ಪುತ್ತದೆಯೇ ಎಂದು ನೋಡಿ ತಿಳಿಸಬೇಕು.

ಇಷ್ಟನ್ನು ನಾನು ಕಳೆದ ವಾರವೇ ಬರೆದಿಟ್ಟಿದ್ದೆ. ಈಗ ಬರೆಯುವುದು ಕ್ಷಮಾಪಣೆ.

ನಿನ್ನೆ ಬೆಳಿಗ್ಗೆ ತಮ್ಮ ಸದ್ದು ಹೊರಡುವ ಸಣ್ಣ ಸಣ್ಣ ತೂತುಗಳ ಮೇಲೆ ದಪ್ಪನಾಗಿ ಹತ್ತಿ ಇಟ್ಟು ಟೇಪು ಅಂಟಿಸಿದವಳು ನನ್ನ ಹೆಂಡತಿ. ಕೈಚೀಲದಲ್ಲಿ ಹತ್ತಿಯಿಲ್ಲದೆ ಅವಳು ಎಲ್ಲಿಗೂ ಹೋಗುವುದಿಲ್ಲ. ‘ಸ್ವಲ್ಪವೂ ನೋವಾಗಲ್ಲ’ ಎಂದು ತಮಗೆ ಭರವಸೆ ಕೊಟ್ಟೇ ಅಂಟಿಸಿದಳೆಂಬುದಕ್ಕೆ ನಾನು ಸಾಕ್ಷಿ. ನಾನು ಎಂದಿನಂತೆ ಕುರ್ಚಿಯಾದೆ. ಬೆಳಕು ಮಿಂಚಿತು, ಕೆಂಪು ಗುರುತು ಬಂತಂತೆ, ತಮ್ಮ ದನಿ ಹತ್ತಿಯಲ್ಲೇ ಉಳಿಯಿತು. ಜಡ್ಜಮ್ಮ ತನಗೆ ಬರಬೇಕಾದ ‘ಟುಂಯ್’ ಬರಲಿಲ್ಲವಲ್ಲ ಎಂದು ಬಾಯಿ ಮುಚ್ಚಿ, ತಲೆ ನೆಟ್ಟಗೆ ಮಾಡಿ, ಕಣ್ಣು ಕೀಲಿಸಿ ತಮ್ಮನ್ನೇ ನೋಡಿದಳಂತೆ. ಎರಡನೆಯ ಬಾರಿ ಬೆಳಕು ಮಿಂಚಿತು. ತಾವು ಒಪ್ಪಿದಿರಿ. ಹಸಿರು ಗುರುತು ಕಂಡು ನನ್ನ ಹೆಂಡತಿ ಹೊರಗೆ ಕುಣಿಯುತ್ತಿದ್ದಳು. ಅದನ್ನು ನೋಡಿ ಬೀಗದವನೂ ಹೂವಿನಂಗಡಿಯವಳೂ ಚಪ್ಪಾಳೆ ತಟ್ಟುತ್ತಿದ್ದರು.

ಆದರೆ ಹೊದಿಕೆಯ ಕೆಳಗೆ ನನ್ನ ಅಂಗೈಗಳಿಗೆ ಬೇರೆಯೇ ಸುದ್ದಿ ಬರುತ್ತಿತ್ತು. ಮಗಳ ಮೈ ಬಿಗಿಯಿತು. ಉಸಿರು ಒಂದು ಸಲ ತಡೆಯಿತು. ಕಾಯುತ್ತಿದ್ದದ್ದು ಬರಲಿಲ್ಲವೆಂದು ಅವಳು ಅಳಲಿಲ್ಲ. ಅಳದೆ, ಹಳೆಯ ರೂಢಿಯಂತೆ, ತೆಪ್ಪಗಾಗುತ್ತಿದ್ದಳು. ನನಗೆ ಅದನ್ನು ತಡೆಯಲಾಗಲಿಲ್ಲ. ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ, ಬಟ್ಟೆಯ ಒಳಗಿಂದ, ಮೂಗಿನಲ್ಲಿ, ಗಟ್ಟಿಯಾಗಿ, ‘ಟುಂಯ್’ ಎಂದೆ.

ಆಮೇಲೆ ಅವಳು ನನ್ನ ಕೈಗಳಲ್ಲೇ ಮೈ ಹೊರಳಿಸಿ, ಕೆಳಗೆ ಬಾಗಿ, ಆ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದಳು. ಕುರ್ಚಿಯ ತಲೆ ಹೊರಗೆ ಬಂತು. ಅವಳು ಈ ದನಿ ಎಲ್ಲಿಂದ ಬಂತೆಂದು ನನ್ನ ಬಾಯಿಗೆ ಬೆರಳಿಟ್ಟು ನೋಡಿದಳು. ನಾನು ಇನ್ನೊಮ್ಮೆ ಎಂದೆ. ನಕ್ಕಳು, ಮಾನ್ಯರೇ. ನನ್ನನ್ನು ನೋಡಿ ನಕ್ಕಳು. ಆ ಒಂಟಿ ಹಲ್ಲನ್ನು ತೋರಿಸಿ, ಜೊಲ್ಲನ್ನೆಲ್ಲ ನನ್ನ ಮೂಗಿನ ಮೇಲೆ ಸುರಿಸಿ, ಹೊಟ್ಟೆ ಕುಣಿಸಿ ನಕ್ಕಳು. ತೀರ್ಪು ನನ್ನ ಪರವಾಗಿ ಬಂದಿತ್ತು.

ಸಂಜೆಯವರೆಗೆ ಮನೆಯಲ್ಲಿ ನಾನು ಎಷ್ಟು ಸಲ ‘ಟುಂಯ್’ ಎಂದೆನೋ ಲೆಕ್ಕವಿಟ್ಟಿಲ್ಲ. ಆಯುಷ್ಯವಿಡೀ ಜನರನ್ನು ತಿರಸ್ಕರಿಸಿದ ಗುಮಾಸ್ತನಿಗೆ, ತಿರಸ್ಕಾರದ ಸದ್ದಿನಿಂದಲೂ ಇಂಥ ಉಪಯೋಗವಿದೆಯೆಂದು ಕಲಿಸಿಕೊಟ್ಟ ತಾವು ನನ್ನ ಗುರುಸಮಾನರು. ಆದ್ದರಿಂದ ಮೇಲ್ಕಂಡ ದೂರುಗಳನ್ನೆಲ್ಲ ಪರಿಶೀಲಿಸಿ ತಿರಸ್ಕರಿಸಬೇಕೆಂದು ಕೋರುತ್ತೇನೆ.

ಇಂತಿ, ಇನ್ನು ಮುಂದೆ ತಲೆ ತಗ್ಗಿಸಿ ತಮ್ಮ ಬಾಗಿಲು ಹೊಗುವ ಅಗತ್ಯವಿಲ್ಲದ

ತಮ್ಮ ವಿಶ್ವಾಸಿ,
ಜಡ್ಜಮ್ಮನ ಅಪ್ಪ (ಮಾಜಿ ಕುರ್ಚಿ)

ತಾ.ಕ.: ತಾವು ಒಪ್ಪಿದ ಫೋಟೊದಲ್ಲಿರುವ ಬಿಗಿಮುಖದ ಮಗು ಯಾರೆಂದು ನನ್ನ ತಾಯಿ ಕೇಳುತ್ತಿದ್ದಾರೆ. ಪಾಸ್‌ಪೋರ್ಟ್ ಕಚೇರಿಯವರಿಗೆ ಮಾತ್ರ ಅದೇ ಸರಿಹೋಗಿದೆ. ತಾವು ತಿರಸ್ಕರಿಸಿದವುಗಳನ್ನು ನಿನ್ನೆ ಮೇಜಿನ ಮೇಲೆ ಹರಡಿ ನೋಡುತ್ತಿದ್ದಾಗ ಮೊಟ್ಟಮೊದಲಿನದು ಕೈಗೆ ಸಿಕ್ಕಿತು. ಅದರಲ್ಲಿ ಅವಳು ನಕ್ಕೂ ಇಲ್ಲ, ಬಾಯಿ ತೆರೆದೂ ಇಲ್ಲ. ತಮ್ಮ ಕೆಂಪು ಬಾಣದ ಗುರುತು ಅವಳ ಕಣ್ಣಿನ ಮೇಲಿದೆ: ತಮ್ಮನ್ನು ನೋಡುತ್ತಿಲ್ಲವೆಂಬುದೇ ದೋಷ. ಅವಳು ನೋಡುತ್ತಿರುವ ಕಡೆ ಪರದೆಯ ಸಂದಿಯಿದೆ, ಸಂದಿಯಲ್ಲಿ ಅವಳ ಅಮ್ಮನ ಮುಖವಿತ್ತು. ನಮಗೆ ಅದು ಇಷ್ಟು ದಿನ ತಿಳಿಯಲಿಲ್ಲ, ತಮಗಂತೂ ತಿಳಿಯುವುದೇ ಇಲ್ಲ. ಹತ್ತಿಯನ್ನು ಈ ಸಂಜೆ ಬಂದು ತೆಗೆಯುತ್ತೇವೆ, ಆ ಫೋಟೊವನ್ನು ಮಾತ್ರ ನಾವು ಇಟ್ಟುಕೊಳ್ಳುತ್ತೇವೆ.